ಊಟದ ಡಬ್ಬಿಯಷ್ಟಗಲದ ದ್ವೀಪ

ಪೆಸಿಫಿಕ್ ಸಾಗರದ ನಟ್ಟನಡುವೆ, ಎರಡಡಿ ಚೌಕದ ಒಂದು ತೂತಿನಲ್ಲಿ ನಾನು ಸೊಂಟದವರೆಗೆ ಮುಳುಗಿ ನಿಂತಿದ್ದೆ. ಸುತ್ತಲೂ ಉಂಗುರದಂತೆ ಸುಮಾರು ನಲವತ್ತು ದ್ವೀಪಗಳು. ಅವುಗಳಾಚೆ ಹತ್ತಡಿ ಅಗಲದ ಮೇಜಿನ ಅಂಚು, ಅದರಾಚೆ ಅಮೆರಿಕದ ಎಲ್ಕ್ ಗ್ರೋವ್ ವಿಲೇಜಿನ ನಮ್ಮ ವರ್ಕ್‌ಶಾಪಿನ ತಗಡಿನ ಗೋಡೆ, ಅದರಾಚೆ ಜನವರಿಯ ಹಿಮ. ಹೊರಗೆ ಬರಬೇಕೆಂದರೆ ಮೇಜಿನ ಕೆಳಗೆ ಮಂಡಿಯೂರಿ, ಅಡ್ಡಪಟ್ಟಿಗಳ ನಡುವೆ ತಲೆ ತಗ್ಗಿಸಿ ತೆವಳಬೇಕು. ನನ್ನ ಹೊಟ್ಟೆಯ ಸುತ್ತಳತೆಗೆ ಅದು ಸುಲಭದ ಮಾತಲ್ಲ. ಹಾಗಾಗಿ ಬೆಳಿಗ್ಗೆ ಒಳಗೆ ಹೋಗುವಾಗಲೇ ಊಟದ ಡಬ್ಬಿ, ನೀರಿನ ಬಾಟಲಿ ಎಲ್ಲ ತಗೊಂಡೇ ಹೋಗುತ್ತಿದ್ದೆ. ಗೂಟಕ್ಕೆ ಕಟ್ಟಿದ ಎಮ್ಮೆಯ ಮುಂದೆ ಹುಲ್ಲನ್ನೂ ಹಾಕಿಟ್ಟು ಹೋಗುತ್ತಾರಲ್ಲ, ಹಾಗೆ.

ನಾವು ಮಾಡುತ್ತಿದ್ದದ್ದು ಎನಿವೆಟಾಕ್ ಎಂಬ ಅಟಾಲಿನ ಮಾದರಿ. ಅಟಾಲ್ ಎಂದರೆ ಹವಳದ ಉಂಗುರ. ಒಂದು ಕಾಲದಲ್ಲಿ ಅಲ್ಲೊಂದು ಜ್ವಾಲಾಮುಖಿ ಇತ್ತು. ಅದು ನಿಧಾನವಾಗಿ ಕಡಲೊಳಗೆ ಕುಸಿಯುತ್ತ ಹೋಯಿತು, ಸುತ್ತಲಿನ ಹವಳ ಮಾತ್ರ ಮೇಲಕ್ಕೆ ಬೆಳೆಯುತ್ತಲೇ ಬಂತು. ಬೆಟ್ಟ ಮುಳುಗಿ ಅದರ ಕೊರಳಿನ ಸರವಷ್ಟೇ ನೀರ ಮೇಲೆ ಉಳಿದಂತೆ. ಆ ಬೆಟ್ಟದ ಕಲ್ಲು ಸಿಗಬೇಕಾದರೆ ಹವಳದೊಳಗೆ ನಾಲ್ಕು ಸಾವಿರ ಅಡಿಗೂ ಆಳಕ್ಕೆ ಕೊರೆಯಬೇಕಾಯಿತಂತೆ. ಉಂಗುರದ ಒಳಗೆ ಶಾಂತವಾದ ಒಳಗಡಲು, ಹೊರಗೆ ತಳ ಕಾಣದ ಸಾಗರ.

ನಮಗೆ ಕೆಲಸ ಕೊಟ್ಟದ್ದು ಡೆಟ್ರಾಯಿಟ್ ಕಡೆಯ, ಸ್ಟರ್ಲಿಂಗ್ ಹೈಟ್ಸ್‌ಗೆ ಹತ್ತಿರದ ಒಂದು ಚಿಕ್ಕ ಮ್ಯೂಸಿಯಂ. ಯುದ್ಧಕಾಲದಲ್ಲಿ ನೀರಿನಿಂದ ದಡಕ್ಕೆ ತೆವಳಿ ಹತ್ತುತ್ತಿದ್ದ ಒಂದು ವಾಹನ ಅವರ ಬಳಿ ಇತ್ತು. ಅದರ ಪಕ್ಕದಲ್ಲಿ, ಅಮೆರಿಕದ ಸೈನ್ಯ ಜಪಾನಿಗಳಿಂದ 1944ರಲ್ಲಿ ಕಿತ್ತುಕೊಂಡ ಈ ಅಟಾಲನ್ನು ಅವರು ತೋರಿಸಬೇಕಿತ್ತು. ಅವರು ಸಹಿ ಹಾಕಿ ಕಳಿಸಿದ ನಕ್ಷೆಯ ಮೇಲೆ ‘1944’ ಎಂದು ದಪ್ಪ ಅಕ್ಷರದಲ್ಲಿತ್ತು.

ಮೊದಲ ತೊಂದರೆ ಎತ್ತರದ್ದು. ಈ ದ್ವೀಪಗಳು ಸಮುದ್ರದಿಂದ ಹತ್ತಡಿ ಎದ್ದಿದ್ದರೆ ಹೆಚ್ಚು. ಇಪ್ಪತ್ತು ಚಿಲ್ಲರೆ ಮೈಲಿಯ ಅಟಾಲನ್ನು ಹತ್ತಡಿ ಮೇಜಿಗೆ ಇಳಿಸಿದಾಗ ಆ ಎತ್ತರ ನಾವು ಬಳಿಯುವ ಬಣ್ಣದ ಪದರಕ್ಕಿಂತ ತೆಳ್ಳಗಾಗುತ್ತದೆ. ಬಣ್ಣವೇ ಬೆಟ್ಟವಾಗುವ ಊರು ಅದು. ಕೊನೆಗೆ ಎತ್ತರ, ಆಳ ಎರಡನ್ನೂ ಹತ್ತು ಪಟ್ಟು ಹಿಗ್ಗಿಸೋಣ ಎಂದು ತೀರ್ಮಾನಿಸಿದೆವು. ಗಟ್ಟಿ ಫೋಮಿನ ಹಲಗೆಗಳ ಮೇಲೆ ಕಂಪ್ಯೂಟರ್ ಮೆಷಿನ್ ಓಡಿಸಿ ಕೊರೆಯುವ ಕೆಲಸ ನಮ್ಮ ಎಂಜಿನಿಯರಮ್ಮನದು. ಧಾರವಾಡದವರು, ನನಗಿಂತ ಹತ್ತು ವರ್ಷ ಚಿಕ್ಕವರು. ಕೊರೆದದ್ದನ್ನು ಉಜ್ಜಿ, ಬಣ್ಣ ಹಾಕಿ, ಮೇಲೆ ಸಮುದ್ರ ಹೊಯ್ಯುವುದು ನನ್ನ ಕೆಲಸ. ಸಮುದ್ರ ಎಂದರೆ ಎರಡು ದ್ರವಗಳನ್ನು ಬೆರೆಸಿದರೆ ಗಾಜಿನಂತೆ ಬಿಗಿಯುವ ರೆಸಿನ್.

ಉಜ್ಜುವ ಕೆಲಸದಲ್ಲಿ ನನ್ನ ಕಣ್ಣಿಗಿಂತ ಅಂಗೈ ಚುರುಕು. ನಮ್ಮದು ಚನ್ನಪಟ್ಟಣ. ಮನೆಯಲ್ಲಿ ಮರದ ಬೊಂಬೆ ಕಡೆಯುವ ಲೇತು ಇತ್ತು, ನಡೆಯಲು ಕಲಿತಾಗಿನಿಂದ ಗುಂಡಗಿನ ವಸ್ತು ಸವರಿಯೇ ಬೆಳೆದವನು. ಉಂಗುರದ ಉತ್ತರ ಭಾಗ ಉಜ್ಜುತ್ತಿದ್ದಾಗ ಅಂಗೈ ಒಂದು ಕುಳಿಯಲ್ಲಿ ಇಳಿಯಿತು. ಐದು ಇಂಚು ಅಗಲ, ಒಂದೂವರೆ ಇಂಚು ಆಳ. ಉಳಿದ ಹವಳದ ದಂಡೆಯೆಲ್ಲ ಅಂಕುಡೊಂಕಾಗಿ ಹರಿದಿದ್ದರೆ ಇದೊಂದು ಮಾತ್ರ ಲೇತಿನ ಮೇಲೆ ಕಡೆದ ಹಾಗೆ ಗುಂಡಗಿತ್ತು.

"ಏನಿದು, ಬಟ್ಟಲು ಇಟ್ಟು ಕೊರೆದ್ರಾ?" ಎಂದು ಎಂಜಿನಿಯರಮ್ಮನನ್ನು ಕೇಳಿದೆ.

ಅವರು ಲ್ಯಾಪ್‌ಟಾಪು ತಂದು ನೋಡಿದರು. ನೋಡುತ್ತ ನೋಡುತ್ತ ಮುಖ ಬಿಳುಚಿಕೊಂಡಿತು.

"ಅಣ್ಣಾ, ನಾ ಹಾಕಿದ್ದು ಈಗಿನ ಡೇಟಾ ರೀ. ಯುದ್ಧದ ಕಾಲದ್ದು ಆಳ ಎಲ್ಲಾ ಕಡೆ ಸಿಗಲಿಲ್ಲ, ಅದಕ್ಕ ಗ್ಯಾಪ್ ಇದ್ದಲ್ಲಿ ಈಗಿಂದು ತುಂಬೇನಿ. ಇದು ಬಾಂಬಿನ ಕುಳಿ ಐತಿ."

ಅಲ್ಲಿ ಎಲುಗೆಲಾಬ್ ಎಂಬ ದ್ವೀಪವಿತ್ತು. 1952ರಲ್ಲಿ ಮೊದಲ ಹೈಡ್ರೋಜನ್ ಬಾಂಬಿನ ಪರೀಕ್ಷೆ ನಡೆದದ್ದು ಅದರ ಮೇಲೆ. ದ್ವೀಪ ಆವಿಯಾಗಿ ಹೋಯಿತು, ಉಳಿದದ್ದು ಒಂದು ಮೈಲಿಗೂ ಅಗಲದ ಗುಂಡಿ. ನಾವು 1944ರ ಮಾದರಿಯಲ್ಲಿ 1952ರ ಗುಂಡಿ ತೋಡಿ ಕೂತಿದ್ದೆವು. ಮದುವೆಯ ಫೋಟೋದಲ್ಲಿ ಮೊಮ್ಮಗನನ್ನು ಕೂರಿಸಿದ ಹಾಗಾಗಿತ್ತು.

ಮಾಲೀಕರು ಬಂದರು. ಮೈಸೂರಿನವರು, ಮೂವತ್ತು ವರ್ಷದಿಂದ ಇಲ್ಲಿದ್ದಾರೆ. ಕೆಟ್ಟವರಲ್ಲ. ಆದರೆ ಗಾಬರಿಯಾದರೆ ಅವರಿಗೆ ಎಲ್ಲವೂ ಗೋಡೆಗೆ ಮೆತ್ತುವ ಪುಟ್ಟಿಯಿಂದ ಮುಚ್ಚಬಹುದಾದ ಬಿರುಕಾಗಿ ಕಾಣುತ್ತದೆ.

"ಫಿಲ್ ಮಾಡ್ಬಿಡಯ್ಯ. ಮೇಲೆ ಒಂದು ಚೂರು ದ್ವೀಪ ಇಟ್ಟು ಪೇಂಟ್ ಹೊಡಿ. ಯಾರು ಬಂದು ಕೆರೆದು ನೋಡ್ತಾರೆ?"

ನಾನು ಪುಟ್ಟಿ ತುಂಬಿದೆ. ಯಾಕೆ ಎಂದು ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ನನ್ನ ವೀಸಾ ನಿಂತಿರುವುದು ಈ ವರ್ಕ್‌ಶಾಪಿನ ಹೆಸರಿನ ಮೇಲೆ. ಇಲ್ಲೇ ಕಾಯಮ್ಮಾಗಿ ಉಳಿಯಲು ಬೇಕಾದ ಹಸಿರು ಕಾರ್ಡಿನ ಅರ್ಜಿ ಹಾಕಿರುವವರೂ ಇದೇ ಮಾಲೀಕರು. ಇಲ್ಲಿಂದ ಹೊರಬಿದ್ದರೆ ಅರವತ್ತು ದಿನದೊಳಗೆ ಬೇರೆ ನೌಕರಿ ಸಿಗಬೇಕು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು. ಮಾದರಿ ಮಾಡುವವರನ್ನು ಹುಡುಕಿಕೊಂಡು ಯಾರೂ ಕೂತಿಲ್ಲ. ಮೇಜಿನ ತೂತಿನಿಂದಾದರೂ ತೆವಳಿ ಹೊರಬರಬಹುದು, ವರ್ಷಗಟ್ಟಲೆ ಕಾಯುವ ಈ ಕಾರ್ಡಿನ ಸಾಲಿನಿಂದ ತೆವಳುವ ದಾರಿಯೂ ಇಲ್ಲ. ಮನೆಯಲ್ಲಿ ಹೆಂಡತಿ "ಇವತ್ತು ಎಲ್ಲಿವರೆಗೆ ಬಂತು?" ಎಂದು ಕೇಳಿದಾಗ ಅವಳು ಕೇಳುತ್ತಿರುವುದು ಅಟಾಲಿನ ವಿಷಯವೋ ಹಸಿರು ಕಾರ್ಡಿನ ವಿಷಯವೋ ಎಂದು ನನಗೆ ತಿಳಿಯುತ್ತಿರಲಿಲ್ಲ. ಎರಡಕ್ಕೂ ಉತ್ತರ ಒಂದೇ ಆಗಿತ್ತು: ಇದ್ದಲ್ಲೇ ಇದೆ.

ಆಮೇಲೆ ಮೊದಲ ಸಲ ಸಮುದ್ರ ಹೊಯ್ದೆವು. ಹೊರಗಡಲನ್ನು ಎಂಜಿನಿಯರಮ್ಮ ಹೊರಗಿನಿಂದ, ಒಳಗಡಲನ್ನು ನಾನು ತೂತಿನೊಳಗಿನಿಂದ. ಮೇಜನ್ನು ಜಾಕುಗಳ ಮೇಲೆ ಕೂರಿಸಿ ಮಟ್ಟ ನೋಡಿದ್ದೆವು. ಹೀಟರ್ ಎಪ್ಪತ್ತೈದು ಡಿಗ್ರಿ ಫ್ಯಾರನ್‌ಹೀಟಿಗೆ ಇಟ್ಟಿದ್ದೆವು. ಎಲ್ಲ ಸರಿಯಾಗಿತ್ತು. ಕೆಲಸ ಮುಗಿಯಿತೆಂದು ಕೆಳಗಿನಿಂದ ತೆವಳಿ ಬರುವಾಗ ನನ್ನ ಭುಜ ಒಂದು ಅಡ್ಡಪಟ್ಟಿಗೆ ಬಡಿಯಿತು. ಮೇಜು ಕೂದಲೆಳೆಯಷ್ಟು ಅಲುಗಿತು. ಅಷ್ಟು ಸಾಕಾಯಿತು. ಇನ್ನೂ ಹಸಿಯಾಗಿದ್ದ ರೆಸಿನ್ ಅಲೆಯಾಗಿ ಎದ್ದು ದ್ವೀಪಗಳ ಮೇಲೆ ಹರಿದು, ತೆಂಗಿನ ತೋಪೆಂದು ಅಂಟಿಸಿದ್ದ ಹಸಿರು ಪುಡಿಯನ್ನೆಲ್ಲ ನುಂಗಿ, ಅಲ್ಲೇ ಹೊಳೆಯುತ್ತ ಬಿಗಿಯಿತು.

ಅದನ್ನೆಲ್ಲ ಬಿಸಿಗಾಳಿ ಊದಿ ಊದಿ ಎಬ್ಬಿಸಬೇಕಾಯಿತು. ಉತ್ತರದ ಕಡೆ ಎಬ್ಬಿಸುವಾಗ ರೆಸಿನ್ನಿನ ಜೊತೆ ನಾನು ತುಂಬಿದ್ದ ಪುಟ್ಟಿಯೂ ಹಲ್ಲು ಕಿತ್ತಂತೆ ಇಡಿಯಾಗಿ ಎದ್ದು ಬಂತು. ಕುಳಿ ಮತ್ತೆ ಬಾಯ್ತೆರೆದು ಕೂತಿತು. ನನಗೆ ಅಳು ಬರುವುದೊಂದು ಬಾಕಿ.

ಎರಡನೆಯ ಸಲ ಹೊಯ್ಯುವ ದಿನ ಒಂದು ನಿರ್ಧಾರ ಮಾಡಿಕೊಂಡು ಒಳಗೆ ಇಳಿದೆ. ರೆಸಿನ್ ಕೈಗೆ ಅಂಟದಷ್ಟು ಬಿಗಿಯುವವರೆಗೆ, ಸಂಜೆಯಾದರೂ ಸರಿ, ತೂತಿನಿಂದ ಅಲುಗುವುದಿಲ್ಲ. ನಮಾಜಿಗೆಂದು ಕೈಕಾಲು ಮುಖ ತೊಳೆದು ವುಜೂ ಮಾಡಿಕೊಂಡೇ ಬಂದಿದ್ದೆ. ಡಬ್ಬಿಯಲ್ಲಿ ಹೆಂಡತಿ ಮಸಾಲೆಯನ್ನ, ನಮ್ಮ ಖುಷ್ಕಾ, ಕಟ್ಟಿದ್ದಳು. ಕ್ರಮ ಹೀಗಿತ್ತು: ಎಂಜಿನಿಯರಮ್ಮ ಹೊರಗೆ ದೊಡ್ಡ ಬಕೆಟ್ಟಿನಲ್ಲಿ ರೆಸಿನ್ ಬೆರೆಸುವಷ್ಟರಲ್ಲಿ ನಾನು ಒಳಗಿನಿಂದ ಹೊಟ್ಟೆ ಊರಿ ಬಾಗಿ, ಬೇಗ ಒಣಗುವ ಪುಟ್ಟಿಯಿಂದ ಕುಳಿ ತುಂಬಬೇಕು.

ಪುಟ್ಟಿ ಕಲಸಿ ಕರಣಿಗೆ ತೆಗೆದುಕೊಂಡಿದ್ದೆ, ಅಷ್ಟರಲ್ಲಿ ಬಾಗಿಲು ತೆರೆಯಿತು. ಮಾಲೀಕರ ಜೊತೆ ಒಬ್ಬ ಅಜ್ಜಿ ಬಂದರು. ದಪ್ಪ ಜಾಕೆಟ್ಟು, ಕೆಳಗೆ ಹೂವಿನ ಗೌನು, ಕೈಯಲ್ಲಿ ಹೆಣೆದ ಬೀಸಣಿಗೆ. ಹೊರಗೆ ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಬೀಸಣಿಗೆ! ಎನಿವೆಟಾಕಿನವರಂತೆ, ಈಗ ಅಯೋವಾದಲ್ಲಿ ಮಗಳ ಮನೆಯಲ್ಲಿದ್ದಾರಂತೆ. ದ್ವೀಪಗಳ ಹೆಸರು ಸರಿಯಾಗಿವೆಯೇ ಎಂದು ನೋಡಲು ಮ್ಯೂಸಿಯಂನವರು ಕಳಿಸಿದ್ದರು. ಮಗಳು ಅವರನ್ನು ಇಳಿಸಿ ಯಾವುದೋ ಅಂಗಡಿಗೆ ಹೋಗಿದ್ದಳು.

"ಬನ್ನಿ ಆಂಟಿ," ಎಂದೆ, ಬಾಯಿತಪ್ಪಿ, ನಮ್ಮವರಿಗೆ ಹೇಳುವ ಹಾಗೆ. ಅವರು ನಕ್ಕರು. ಆಮೇಲೆ ಉಂಗುರದ ಸುತ್ತ ನಿಧಾನವಾಗಿ ನಡೆಯುತ್ತ ಒಂದೊಂದೇ ದ್ವೀಪದ ಹೆಸರನ್ನು ತಮ್ಮಷ್ಟಕ್ಕೆ ಹೇಳಿಕೊಂಡರು. ಉತ್ತರಕ್ಕೆ ಬಂದು ನಿಂತರು. ಕುಳಿಯಲ್ಲಿ ನಾಲ್ಕು ಬೆರಳು ಇಳಿಸಿದರು.

"ಇದು ಯಾವ ವರ್ಷದ್ದು?" ಎಂದು ಕೇಳಿದರು. ಅವರ ಇಂಗ್ಲಿಷು ನಿಧಾನ, ಪ್ರತಿ ಪದವನ್ನೂ ಕೈಯಲ್ಲಿ ತೂಗಿ ಇಡುವಂಥದ್ದು.

"ಸಾವಿರದ ಒಂಬೈನೂರ ನಲವತ್ನಾಲ್ಕು."

"ಹಾಗಾದರೆ ಇಲ್ಲಿ ದ್ವೀಪ ಇರಬೇಕು."

"ಹೌದು ಆಂಟಿ. ತಪ್ಪಾಗಿದೆ. ಈಗ ತುಂಬುತ್ತಾ ಇದ್ದೀನಿ." ಕರಣಿ ಎತ್ತಿ ತೋರಿಸಿದೆ.

ಅವರು ಕರಣಿ ನೋಡಿದರು, ನನ್ನನ್ನು ನೋಡಿದರು. "ನಮ್ಮಮ್ಮ ಹುಡುಗಿಯಾಗಿದ್ದಾಗ ಇಲ್ಲಿಗೆ ದೋಣಿಯಲ್ಲಿ ಹೋಗುತ್ತಿದ್ದಳು, ಹಕ್ಕಿಯ ಮೊಟ್ಟೆ ತರಲು. ಯುದ್ಧ ಮುಗಿದ ಮೇಲೆ ಬಾಂಬಿನ ಪರೀಕ್ಷೆಗೆಂದು ಎಲ್ಲರನ್ನೂ ಹಡಗು ಹತ್ತಿಸಿ ಉಜೆಲಾಂಗಿಗೆ ಬಿಟ್ಟರು. ನಾನು, ನನ್ನ ಇಬ್ಬರು ತಂಗಿಯರು ಹುಟ್ಟಿದ್ದು ಅಲ್ಲೇ. ಅದು ತುಂಬ ಚಿಕ್ಕ ಅಟಾಲ್. ಹಡಗು ತಡವಾದರೆ ಹಸಿವು. ಅಮ್ಮ ರಾತ್ರಿ ಈ ದ್ವೀಪದ ಕತೆ ಹೇಳುತ್ತಿದ್ದಳು. ನಾವು ದೊಡ್ಡವರಾಗಿ ಎನಿವೆಟಾಕಿಗೆ ವಾಪಸು ಹೋದಾಗ ಅದು ಇರಲಿಲ್ಲ. ನಾನು ನೋಡಿಯೇ ಇಲ್ಲ."

"ತುಂಬಿದರೆ ನೋಡಬಹುದಲ್ಲ ಆಂಟಿ," ಎಂದೆ.

"ನೋಡಬಹುದು. ನೋಡಿದವರು ಅದು ಈಗಲೂ ಇದೆ ಅಂದುಕೊಂಡು ಮನೆಗೆ ಹೋಗುತ್ತಾರೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ನಿನ್ನ ಕೆಲಸ ಮಾಡು. ಮುಚ್ಚುವ ಮೊದಲು ಇನ್ನೊಂದು ಸಲ ಮುಟ್ಟುತ್ತೇನೆ, ಅಷ್ಟೇ."

ಅವರು ಮುಟ್ಟುತ್ತ ನಿಂತರು, ನಾನು ಕರಣಿ ಹಿಡಿದು ನಿಂತೆ. ಬಿಸಿತುಪ್ಪ ಬಾಯಲ್ಲಿತ್ತು, ನುಂಗುವಂತಿಲ್ಲ ಉಗುಳುವಂತಿಲ್ಲ. ತುಂಬಿದರೆ ಈ ಅಜ್ಜಿಯ ಕಣ್ಣೆದುರು ಬಾಂಬು ಸಿಡಿಯಲೇ ಇಲ್ಲ ಎಂದು ಹೇಳಿದ ಹಾಗೆ. ತುಂಬದಿದ್ದರೆ ಅವರ ಅಮ್ಮ ಮೊಟ್ಟೆ ತಂದ ದ್ವೀಪ ಇರಲೇ ಇಲ್ಲ ಎಂದ ಹಾಗೆ. ನನ್ನ ನೌಕರಿಯ ಮಾತು ಬೇರೆ. ಯೋಚಿಸುತ್ತಿದ್ದಾಗ ಕರಣಿಯ ಮೇಲಿನ ಪುಟ್ಟಿ ಕಲ್ಲಾಯಿತು.

"ಅಣ್ಣಾ, ರೆಸಿನ್ ರೆಡಿ ಐತಿ," ಎಂದು ಎಂಜಿನಿಯರಮ್ಮ ಕೂಗಿದರು. "ಬಕೆಟ್ ಬೆಚ್ಚಗಾಗಾಕತ್ತೈತ್ರಿ!"

ಈ ರೆಸಿನ್ನಿನ ಗುಣ ಅದು. ಬೆರೆಸಿದ ಮೇಲೆ ಬಕೆಟ್ಟಿನಲ್ಲೇ ಬಿಟ್ಟರೆ ತಾನೇ ಬಿಸಿಯಾಗಿ, ಹೊಗೆಯಾಡಿ, ಬಂಡೆಯಾಗಿಬಿಡುತ್ತದೆ. ಹೊಸ ಪುಟ್ಟಿ ಕಲಸಿ, ತುಂಬಿ, ಅದು ಒಣಗುವವರೆಗೆ ಬಕೆಟ್ ಕಾಯುವುದಿಲ್ಲ. ಮತ್ತೊಂದು ಸಮುದ್ರಕ್ಕೆ ಆಗುವಷ್ಟು ರೆಸಿನ್ ನಮ್ಮ ಬಳಿ ಇರಲಿಲ್ಲ.

"ಏನಯ್ಯ ನೋಡ್ತಿದೀಯ, ಫಿಲ್ ಮಾಡು!" ಎಂದರು ಮಾಲೀಕರು.

"ಸರ್, ಫಿಲ್ ಮಾಡಲ್ಲ," ಎಂದೆ. ಅವರ ಎದುರು ‘ಮಾಡಲ್ಲ’ ಎಂಬ ಪದ ನನ್ನ ಬಾಯಿಂದ ಬಂದದ್ದು ಅದೇ ಮೊದಲು. "ಹಂಗೇ ಖಾಲಿ ಬಿಡಲ್ಲ ಸರ್. ಅಲ್ಲಿ ಒಂದು ಗುಂಡನೆ ಅಚ್ಚು ಇಟ್ಟು ಸುತ್ತ ಹುಯ್ಯೋಣ. ಬಿಗಿದ್ಮೇಲೆ ಅಚ್ಚು ತೆಗೆದ್ರೆ ಬಾವಿ ಥರ ತೂತು ಉಳಿಯುತ್ತೆ. ಅದಕ್ಕೆ ಕೂರೋ ಹಂಗೆ ದ್ವೀಪ ನಾನು ಲೇತಲ್ಲಿ ಕಡೆದುಕೊಡ್ತೀನಿ. ಇಟ್ರೆ ನಲವತ್ನಾಲ್ಕು, ತೆಗೆದ್ರೆ ಈವತ್ತು."

"ಅವ್ರು ಸೈನ್ ಮಾಡಿರೋದು ಇದಕ್ಕಲ್ಲ ಕಣಯ್ಯ. ರಿಜೆಕ್ಟ್ ಮಾಡಿದ್ರೆ? ನಿನ್ನನ್ನ ಇಟ್ಕೊಳ್ಳೋದು ಹೆಂಗೆ ನಾನು?"

ಆ ಮಾತು ಎಲ್ಲಿಗೆ ಬಡಿಯಬೇಕೋ ಅಲ್ಲಿಗೇ ಬಡಿಯಿತು. ಹೆಂಡತಿಯ ಮುಖ ಕಣ್ಣ ಮುಂದೆ ಬಂತು. ಆದರೂ ಹೇಳಿದೆ: "ಇಟ್ಟಾಗ ಅವ್ರ ಡ್ರಾಯಿಂಗ್ ಥರಾನೇ ಇರುತ್ತೆ ಸರ್. ಬೇಡ ಅಂದ್ರೆ ಅಂಟಿಸ್ಬಿಡೋಣ. ಬಕೆಟ್ ಬಿಸಿ ಆಗ್ತಿದೆ, ನೀವೇ ಹೇಳಿ."

ಮಾಲೀಕರು ಬಕೆಟ್ ನೋಡಿದರು. ಅಜ್ಜಿಯನ್ನು ನೋಡಿದರು. ಅಜ್ಜಿ ಇನ್ನೂ ಕುಳಿಯಿಂದ ಬೆರಳು ತೆಗೆದಿರಲಿಲ್ಲ.

"ಐದಿಂಚಿನ ಅಚ್ಚು ಎಲ್ಲಿದೆಯಪ್ಪ ಈಗ?" ಎಂದರು. ಒಪ್ಪಿದ್ದೇನೆ ಎನ್ನುವುದನ್ನು ಅವರು ಹೇಳುವ ರೀತಿ ಅದು.

ಅಚ್ಚು ನನ್ನ ಕೈಯ ಪಕ್ಕದಲ್ಲೇ ಇತ್ತು. ಸ್ಟೀಲಿನ ಊಟದ ಡಬ್ಬಿ. ಎಂಜಿನಿಯರಮ್ಮ ಅದನ್ನು ನನ್ನಿಂದ ಇಸಕೊಂಡು, ಖುಷ್ಕಾವನ್ನು ಒಂದು ಪೇಪರ್ ತಟ್ಟೆಗೆ ಸುರಿದು ಅಜ್ಜಿಯ ಪಕ್ಕದ ಸ್ಟೂಲಿನ ಮೇಲಿಟ್ಟರು. ಡಬ್ಬಿಯ ಹೊರಮೈಗೆ ಪ್ಯಾಕಿಂಗ್ ಟೇಪು ಸುತ್ತಿದರು. ಆ ಟೇಪಿಗೆ ರೆಸಿನ್ ಅಂಟುವುದಿಲ್ಲ. ತಳದ ಸುತ್ತ ಜೇಡಿ ಮೆತ್ತಿ, ಕುಳಿಯಲ್ಲಿ ಇಡಲು ಹೋದವರು ನಿಂತು, ಡಬ್ಬಿಯನ್ನು ಅಜ್ಜಿಯ ಕೈಗೆ ಕೊಟ್ಟರು. ಅಜ್ಜಿ ಎರಡೂ ಕೈಯಿಂದ ಅದನ್ನು ಒತ್ತಿ ಕೂರಿಸಿದರು. ಹೇಳಿ ಮಾಡಿಸಿದಂತೆ ಕೂತಿತು.

ಹೊಯ್ದೆವು. ಹೊರಗೆ ಕಡುನೀಲಿ, ಒಳಗೆ ತಿಳಿನೀಲಿ. ಆಮೇಲೆ ಕಾಯುವುದು. ಮಾಲೀಕರು ಆಫೀಸಿಗೆ ಹೋದರು. ನಾನು ತೂತಿನೊಳಗೆ ಮೊಣಕೈಯನ್ನೂ ಊರದೆ ನಿಂತೆ. ರಸ್ತೆಯಲ್ಲಿ ಟ್ರಕ್ಕು ಹೋದಾಗಲೆಲ್ಲ ಉಸಿರು ಬಿಗಿಹಿಡಿದೆ. ಅಜ್ಜಿ ಕುರ್ಚಿಯಲ್ಲಿ ಕೂತು ನನ್ನ ಖುಷ್ಕಾ ತಿಂದರು, ಚೆನ್ನಾಗಿದೆ ಎಂದರು. ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು. ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಾಯಿತು. ಹಣೆ ನೆಲಕ್ಕಿಟ್ಟು ಸಜ್ದಾ ಮಾಡಲು ಜಾಗವೆಲ್ಲಿ? ನಿಂತಲ್ಲೇ ತಲೆಬಾಗಿ ಸನ್ನೆಯಲ್ಲಿ ಮುಗಿಸಿದೆ. ಎಂಜಿನಿಯರಮ್ಮ ಕೇಳದೆಯೇ ರೇಡಿಯೋ ಆರಿಸಿದರು, ಅಜ್ಜಿ ಬೀಸಣಿಗೆ ನಿಲ್ಲಿಸಿದರು.

"ಎಷ್ಟು ಹೊತ್ತು ಅಲ್ಲಿರುತ್ತೀಯ?" ಎಂದು ಅಜ್ಜಿ ಆಮೇಲೆ ಕೇಳಿದರು.

"ಬಿಗಿಯುವವರೆಗೆ."

"ಉಜೆಲಾಂಗಿಗೆ ಬಿಡುವಾಗ ನಮ್ಮವರಿಗೂ ಹಾಗೇ ಹೇಳಿದ್ದರು. ಸ್ವಲ್ಪ ದಿನ ಅಂತ. ಮೂವತ್ತು ವರ್ಷ ದಾಟಿತು." ಆಮೇಲೆ ನಕ್ಕು, "ನೀನು ಸಂಜೆಗೆ ಹೊರಗೆ ಬರುತ್ತೀಯ, ಹೆದರಬೇಡ," ಎಂದರು.

ಉತ್ತರದ ದ್ವೀಪಗಳಲ್ಲಿ ಇನ್ನೂ ಯಾರೂ ಮನೆ ಕಟ್ಟಿಕೊಂಡಿಲ್ಲ, ಹಿಂದಿರುಗಿದವರು ದಕ್ಷಿಣದಲ್ಲಷ್ಟೇ ಇದ್ದಾರೆ ಎಂದು ಅವರೇ ಹೇಳಿದರು. ಬಾಂಬಿನ ವಿಕಿರಣ ಹತ್ತಿದ ಮಣ್ಣನ್ನು ಕೆರೆದು ಇನ್ನೊಂದು ದ್ವೀಪದ ಬಾಂಬಿನ ಗುಂಡಿಗೆ ಸುರಿದು ಕಾಂಕ್ರೀಟು ಮುಚ್ಚಿದ್ದಾರಂತೆ. ನಮ್ಮ ಮಾಲೀಕರ ಪುಟ್ಟಿ ಜ್ಞಾಪಕಕ್ಕೆ ಬಂತು. ಸಂಜೆ ನಾನು ತೆವಳಿ ಹೊರಬಂದಾಗ ಮಂಡಿಗಳು ನನ್ನವೆನಿಸಲಿಲ್ಲ, ಆದರೆ ಸಮುದ್ರ ಅಲುಗಲಿಲ್ಲ.

ಡಬ್ಬಿ ಹೊರಬಂತು, ಚೊಕ್ಕವಾದ ತೂತು ಉಳಿಯಿತು. ಮೇಪಲ್ ಮರದಲ್ಲಿ ಬಿಲ್ಲೆ ಕಡೆದೆ. ಬಿಲ್ಲೆಯ ಮೇಲೆ ಹವಳದ ದಂಡೆ, ಅದರ ನಡುವೆ ಹುಣಸೆಬೀಜದಷ್ಟು ದ್ವೀಪ. ಬಣ್ಣಕ್ಕೆ ನಮ್ಮೂರಿನಿಂದ ತಂದಿದ್ದ ಅರಗಿನ ಕಡ್ಡಿ. ಲೇತು ತಿರುಗುವಾಗ ಅರಗನ್ನು ಒತ್ತಿದರೆ ಆ ಬಿಸಿಗೇ ಕರಗಿ ಮರಕ್ಕೆ ಹಿಡಿಯುತ್ತದೆ. ಆಮೇಲೆ ಒಣಗಿದ ಕೇದಗೆ ಗರಿಯಿಂದ ಉಜ್ಜಿದರೆ ಹೊಳಪು. ನನ್ನ ಬಳಿಯಿದ್ದ ಗರಿ ಪುಡಿಪುಡಿಯಾಗಿತ್ತು. ಏನು ಮಾಡುವುದೆಂದು ನೋಡುವಾಗ ಕುರ್ಚಿಯ ಮೇಲೆ ಅಜ್ಜಿ ಮರೆತು ಹೋಗಿದ್ದ ಬೀಸಣಿಗೆ ಕಂಡಿತು. ಕೈಗೆತ್ತಿಕೊಂಡರೆ ಗುರುತು ಸಿಕ್ಕಿತು, ಅದೂ ಕೇದಗೆಯ ಜಾತಿಯ ಗರಿಯೇ. ಅವರ ಮಗಳಿಗೆ ಫೋನು ಮಾಡಿ ಕೇಳಿದೆ. "ಮರೆತದ್ದಲ್ಲ, ಬಿಟ್ಟುಬಂದದ್ದು. ಬೇಕಾದಷ್ಟು ಕಿತ್ತುಕೋ," ಎಂದರಂತೆ ಅಜ್ಜಿ. ಒಂದು ಎಳೆ ಬಿಡಿಸಿಕೊಂಡು ಉಜ್ಜಿದೆ. ನಮ್ಮ ಮನೆಯ ಲೇತಿನ ಮುಂದೆ ಬರುತ್ತಿದ್ದ ಅದೇ ಘಮ ಬಂತು. ಕಣ್ಣು ತುಂಬಿ ಲೇತು ನಿಲ್ಲಿಸಬೇಕಾಯಿತು.

ಮ್ಯೂಸಿಯಂಗೆ ಮಾದರಿ ಇಳಿಸಿದ ದಿನ ಅಲ್ಲಿನ ಮುಖ್ಯಸ್ಥರು ಬಿಲ್ಲೆಯನ್ನು ಎತ್ತಿದರು, ಇಟ್ಟರು, ಮತ್ತೆ ಎತ್ತಿದರು. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮಾಲೀಕರು ಮುಂದೆ ಹೋಗಿ, ಇದು ತಮ್ಮದೇ ತಲೆಗೆ ಹೊಳೆದದ್ದು ಎಂಬಂತೆ ಇಪ್ಪತ್ತು ನಿಮಿಷ ವಿವರಿಸಿದರು. ಮುಖ್ಯಸ್ಥರು ಒಪ್ಪಿದರು. ಎಂಜಿನಿಯರಮ್ಮ ನನ್ನ ಕಿವಿಯ ಹತ್ತಿರ ಬಂದು, "ಬೇವು ನಮಗ, ಬೆಲ್ಲ ಅವರಿಗೆ ಅಣ್ಣಾ," ಎಂದರು. ನನಗೆ ಬೆಲ್ಲ ಬೇಕಿರಲಿಲ್ಲ, ನೌಕರಿ ಉಳಿದಿತ್ತು.

ಉದ್ಘಾಟನೆಗೆ ಅಜ್ಜಿ ಮಗಳೊಂದಿಗೆ ಬಂದಿದ್ದರು. ಭಾಷಣ ನಡೆಯುತ್ತಿರುವಾಗ ಅವರು ಉತ್ತರದ ಅಂಚಿಗೆ ಹೋಗಿ ಬಿಲ್ಲೆಯನ್ನು ಎತ್ತಿ, ಹುಣಸೆಬೀಜದ ಮೇಲೆ ಹೆಬ್ಬೆರಳು ಆಡಿಸಿದರು. ತುಂಬ ಹೊತ್ತು ಆಡಿಸಿದರು. ಆಮೇಲೆ ತಲೆಯೆತ್ತಿ ಜನರ ನಡುವೆ ನನ್ನನ್ನು ಹುಡುಕಿ ನೋಡಿದರು. ನಾನು ಆ ಯುದ್ಧದ ವಾಹನದ ಚಕ್ರಪಟ್ಟಿಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸತೊಡಗಿದೆ. ತಿರುಗಿದಾಗ ಅವರ ಕೈಚೀಲದ ಜಿಪ್ಪು ಮುಚ್ಚುತ್ತಿತ್ತು.

ಮರುದಿನ ಮ್ಯೂಸಿಯಂನಿಂದ ಫೋನು. ಬಿಲ್ಲೆ ಕಾಣುತ್ತಿಲ್ಲವಂತೆ, ಇನ್ನೊಂದು ಬೇಕಂತೆ, ಈ ಸಲ ಮೇಜಿಗೆ ಸ್ಕ್ರೂ ಹಾಕಿ ಬಿಗಿಯುವ ಹಾಗೆ ಇರಬೇಕಂತೆ.

"ಸ್ಕ್ರೂ ಹಾಕಯ್ಯ ಮತ್ತೆ," ಎಂದರು ಮಾಲೀಕರು, ನನ್ನ ಮುಖ ನೋಡದೆ.

ನನ್ನ ಹಸಿರು ಕಾರ್ಡಿನ ಸಾಲು ಇದ್ದಲ್ಲೇ ಇದೆ. ಆ ಉಂಗುರದಿಂದ ಯಾವಾಗ ತೆವಳಿ ಹೊರಬರುತ್ತೇನೋ ತಿಳಿಯದು. ಅವತ್ತು ಮಧ್ಯಾಹ್ನ ಮೇಪಲ್ ತುಂಡನ್ನು ಲೇತಿಗೆ ಕಟ್ಟಿದೆ. ದಂಡೆ ಕಡೆದೆ, ದ್ವೀಪ ಕಡೆದೆ, ಅರಗು ಹಿಡಿಸಿದೆ, ಬೀಸಣಿಗೆಯ ಇನ್ನೊಂದು ಎಳೆ ಬಿಡಿಸಿ ಹೊಳಪು ಕೊಟ್ಟೆ. ಸ್ಕ್ರೂ ಹಾಕಲು ತೂತು ಮಾತ್ರ ಕೊರೆಯಲಿಲ್ಲ. ಅಜ್ಜಿಗೆ ಇನ್ನೂ ಇಬ್ಬರು ತಂಗಿಯರಿದ್ದಾರೆ.